ಬರದ ಸೀಮೆಯಲ್ಲಿ ಜನಿಸಿದ ಜಲಶಿಲ್ಪಿ: ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು

ನಂದಿಬೆಟ್ಟದ ಸುತ್ತಣ ಸೀಮೆ ಐದು ನದಿಗಳ ತವರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಎಂಬ ಈ ಐವರು ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಬಹುಕಾಲ ನಿಲ್ಲುವವರಲ್ಲ. ಮಳೆ ಬಂದಾಗ ಮೈದುಂಬಿ ಓಡುತ್ತಾರೆ. ಮಳೆ ಹಿಂದೆಗೆದರೆ ಮರಳನ್ನಷ್ಟೇ ಬಿಟ್ಟು ಮರೆಯಾಗುತ್ತಾರೆ. ಆ ಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯಲ್ಲಿ 1861ರ ಸೆಪ್ಟೆಂಬರ್ 15ರಂದು, ರೈತರು ಉತ್ತರೆ ಮಳೆಯ ದಾರಿ ಕಾಯುವ ದಿನಗಳಲ್ಲಿ, ಶ್ರೀನಿವಾಸ ಶಾಸ್ತ್ರಿಗಳು ಮತ್ತು ವೆಂಕಟಲಕ್ಷ್ಮಮ್ಮನವರ ಮಗನಾಗಿ ವಿಶ್ವೇಶ್ವರಯ್ಯನವರು ಜನಿಸಿದರು. ಮುದ್ದೇನಹಳ್ಳಿ ಆಗ ಕೋಲಾರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ಜಿಲ್ಲೆ ಎರಡಾದಾಗ ಚಿಕ್ಕಬಳ್ಳಾಪುರದ ಪಾಲಿಗೆ ಹೋಯಿತು. ಗಡಿಯ ಗೆರೆ ಎಲ್ಲಿ ಬಿದ್ದರೇನು? ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಜನ ಅವರನ್ನು ತಮ್ಮ ಸೀಮೆಯವರೆಂದು ಹೇಳಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಈ ಮಹನೀಯರ ಬದುಕನ್ನು ಅರಿಯಬೇಕಾದರೆ ಅವರು ಹುಟ್ಟಿದ ನೆಲದ ಮೇಲಣ ಆಕಾಶವನ್ನು ಮೊದಲು ಅರಿಯಬೇಕು. ಅರಬ್ಬೀ ಸಮುದ್ರದಿಂದ ಬರುವ ಮುಂಗಾರಿನ ಮೋಡಗಳು ಪಶ್ಚಿಮ ಘಟ್ಟಗಳಲ್ಲಿ ತಮ್ಮ ಭಾರವನ್ನು ಇಳಿಸಿ, ಬಯಲುಸೀಮೆಯನ್ನು ದಾಟಿ, ಕೋಲಾರದ ಮೇಲೆ ಬರುವ ವೇಳೆಗೆ ಬಹುಮಟ್ಟಿಗೆ ಬರಿದಾಗಿರುತ್ತವೆ. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಕೋಲಾರದಲ್ಲಿ ಬೀಳುವುದು ಏಳುನೂರರ ಆಸುಪಾಸು. ಅದರಲ್ಲಿಯೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದೇ ಸಿಂಹಪಾಲು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಹಿಂಗಾರು, ಇಲ್ಲದಿದ್ದರೆ ಇಲ್ಲ. ಪುನರ್ವಸು, ಪುಷ್ಯ ಮಳೆಗಳ ಹದದಲ್ಲಿ ಬಿತ್ತಿದ ರಾಗಿ ಹುಬ್ಬೆ, ಉತ್ತರೆಗಳನ್ನು ನಂಬಿ ತೆನೆಗಟ್ಟಬೇಕು. ಕೆರೆಗಳು ಹಸ್ತ, ಚಿತ್ತೆಗಳನ್ನು ನಂಬಿ ತುಂಬಬೇಕು. ವರ್ಷದ ಒಟ್ಟು ಮಳೆಯ ಲೆಕ್ಕ ಸರಿಯಾಗಿದ್ದೂ ನಡುವೆ ಇಪ್ಪತ್ತು ದಿನ ಮೋಡ ಮುನಿದರೆ ಬೆಳೆ ಒಣಗುತ್ತದೆ. ಇಲ್ಲಿಯ ಬರವೆಂದರೆ ಮಳೆಯ ಕೊರತೆಗಿಂತ ಹೆಚ್ಚಾಗಿ ಮಳೆಯ ಅಕಾಲಿಕತೆ.

ಈ ಅಕಾಲಿಕತೆಗೆ ಪೂರ್ವಿಕರು ಕಂಡುಕೊಂಡ ಮದ್ದು ಕೆರೆ. ಅವಿಭಕ್ತ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವು. ಒಂದು ಕೆರೆಯ ಕೋಡಿ ಬಿದ್ದ ನೀರು ಮುಂದಿನ ಕೆರೆಗೆ, ಅದರ ಕೋಡಿ ಅದರ ಮುಂದಿನದಕ್ಕೆ, ಹೀಗೆ ಮಣಿಸರದಂತೆ ಪೋಣಿಸಿದ ಕೆರೆಸಾಲುಗಳು. ಮೈಸೂರು ಸಂಸ್ಥಾನದ ಪ್ರಧಾನ ಎಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯವರು ಸಂಸ್ಥಾನದ ನೆಲದ ಶೇಕಡ ಅರುವತ್ತರಷ್ಟು ಭಾಗದ ನೀರು ಕೆರೆಗಳಿಗೇ ಇಳಿಯುತ್ತದೆಂದು ಲೆಕ್ಕಹಾಕಿ ಬೆರಗಾಗಿದ್ದರು. ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ ಎಂಬ ಮಾತುಗಳು ಈ ಸೀಮೆಯ ಮಕ್ಕಳಿಗೆ ವರ್ಣಮಾಲೆಯೊಡನೆಯೇ ಬರುವಂಥವು. ವಿಶ್ವೇಶ್ವರಯ್ಯನವರು ಪುಣೆಯ ಕಾಲೇಜಿನಲ್ಲಿ ಜಲಶಾಸ್ತ್ರವನ್ನು ಕಲಿಯುವ ಮೊದಲೇ ಬಾಲ್ಯದ ನೆಲ ಆ ಶಾಸ್ತ್ರದ ಮೊದಲ ಪಾಠವನ್ನು ಅವರ ಕಣ್ಣಮುಂದೆ ಹರಡಿತ್ತು.

ಚಿಕ್ಕಬಳ್ಳಾಪುರದಲ್ಲಿ ಆರಂಭದ ವಿದ್ಯಾಭ್ಯಾಸ, ಬಾಲ್ಯದಲ್ಲಿಯೇ ಪಿತೃವಿಯೋಗ, ಅನಂತರ ಬೆಂಗಳೂರು. ಅವರು ಹದಿಹರೆಯದಲ್ಲಿದ್ದಾಗಲೇ ಸಂಸ್ಥಾನದ ಮೇಲೆ ಮಹಾಕ್ಷಾಮ ಎರಗಿತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಕೈಕೊಟ್ಟಿತು. 1877ರಲ್ಲಿಯೂ ಆಕಾಶ ಬಿಗಿಹಿಡಿದುಕೊಂಡೇ ಇತ್ತು. ಕೋಲಾರವು ಹೆಚ್ಚು ನೊಂದ ಜಿಲ್ಲೆಗಳಲ್ಲೊಂದು. 1871ರ ಖಾನೇಷುಮಾರಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಎಣಿಕೆಯಲ್ಲಿ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿದಿತ್ತು. ದೂರದ ಶಾಂತಸಾಗರದ ನೀರು ಅಸಹಜವಾಗಿ ಕಾದುದಕ್ಕೂ ಇಲ್ಲಿಯ ಮಳೆ ಹಿಂದೆಗೆದುದಕ್ಕೂ ನಂಟಿದೆಯೆಂದು ಈಗಿನ ಹವಾಮಾನ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅಂದಿನ ಜನಕ್ಕೆ ಅದಾವುದೂ ತಿಳಿಯದು. ನಾಲ್ಕು ಸಾವಿರ ಕೆರೆಗಳಿದ್ದರೂ ಎರಡು ವರ್ಷ ಒಂದೇಸಮನೆ ಮಳೆ ತಪ್ಪಿದರೆ ಅವು ಬರಿಯ ಬಯಲಾಗುವುವೆಂಬ ಕಠೋರ ಸತ್ಯವೊಂದನ್ನು ಮಾತ್ರ ಕಂಡರು.

ಮನೆಪಾಠ ಹೇಳಿ ಹೊಟ್ಟೆ ಹೊರೆದು ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದ ಆ ತರುಣರಿಗೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತು, ಪುಣೆಯ ವಿಜ್ಞಾನ ಕಾಲೇಜು ಸೇರಿದರು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನ. 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಹುದ್ದೆ. ಖಾನದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ದಾಟಿಸುವ ಕೆಲಸ ಆರಂಭದಲ್ಲಿಯೇ ಅವರ ಕೈಗೆ ಬಂದಿತು. ಮಳೆಗಾಲ, ನದಿ ಏರುತ್ತಿತ್ತು, ಅಗೆದಲ್ಲಿ ಮರಳು ತುಂಬುತ್ತಿತ್ತು. ಮಳೆ ಕಳೆದ ಮೇಲೆ ಮಾಡೋಣವೆಂದು ಸೂಚಿಸಿದುದು ಮೇಲಧಿಕಾರಿಗೆ ಅವಿಧೇಯತೆಯಾಗಿ ತೋರಿತು. ತರುಣ ಎಂಜಿನಿಯರರು ವಾದಕ್ಕಿಳಿಯದೆ ಆ ಮಳೆಯಲ್ಲಿಯೇ ಕೆಲಸವನ್ನು ಮಾಡಿ ಮುಗಿಸಿದರು. ಅಲ್ಲಿಂದ ಮುಂದೆ ಸಿಂಧೂನದಿಯ ದಡದ ಸಕ್ಕರಿನ ನೀರು ಸರಬರಾಜು ಮೊದಲಾದ ಹಲವು ಕಾರ್ಯಗಳಲ್ಲಿ ಅವರ ಹೆಸರು ಹಬ್ಬಿತು.

ಅವರ ಪ್ರತಿಭೆ ನಿಜವಾಗಿ ಬೆಳಗಿದುದು ದಖ್ಖನಿನ ಕಾಲುವೆಗಳಲ್ಲಿ. 1899ರಲ್ಲಿ ಪುಣೆಯ ನೀರಾವರಿ ವಿಭಾಗ ಅವರ ಅಧೀನಕ್ಕೆ ಬಂದಿತು. ಅದೂ ಕೋಲಾರದಂತೆಯೇ ಮಳೆಯ ನೆರಳಿನ ನಾಡು. ನೀರಾ ಕಾಲುವೆಯ ತಲೆಯ ಕಡೆಯ ರೈತರು ತಮಗೆ ಬೇಕಾದಲ್ಲಿ ಕಬ್ಬು ಹಾಕಿ ಬೇಕಾದಷ್ಟು ನೀರು ಹಾಯಿಸಿಕೊಳ್ಳುತ್ತಿದ್ದರು. ಅಲ್ಲಿ ನೆಲ ಜೌಗಾಗಿ ಸೊಳ್ಳೆ, ಜ್ವರ. ಕೊನೆಯ ಹಳ್ಳಿಗಳಲ್ಲಿ ಬಾಯಾರಿದ ಹೊಲ. ನೀರು ಕಡಿಮೆಯಿಲ್ಲ, ಹಂಚಿಕೆ ಕೆಟ್ಟಿದೆ ಎಂಬುದನ್ನು ವಿಶ್ವೇಶ್ವರಯ್ಯನವರು ಕಂಡರು. ನೀರಾವರಿಯ ಭೂಮಿಯನ್ನು ಅಲ್ಲಲ್ಲಿ ಚದುರಲು ಬಿಡದೆ ಹಳ್ಳಿಹಳ್ಳಿಗೂ ಒಂದೊಂದು ಪಾಳಿಯ ತುಂಡಾಗಿ ಒಗ್ಗೂಡಿಸಿ, ಅದರಲ್ಲಿ ಒಂದು ಪಾಲಿಗೆ ಮಾತ್ರ ಕಬ್ಬಿನಂಥ ನೀರುಂಬ ಬೆಳೆ, ಉಳಿದ ಪಾಲಿಗೆ ಮಿತನೀರಿನ ಬೆಳೆಗಳು ಎಂದು ಗೊತ್ತುಮಾಡಿ, ವರ್ಷದಿಂದ ವರ್ಷಕ್ಕೆ ಪಾಲುಗಳನ್ನು ತಿರುಗಿಸುವ ಕ್ರಮವನ್ನು ರೂಪಿಸಿದರು. ನೀರು ಅಳೆದು ಬರಬೇಕು. ಹೆಚ್ಚು ಹಳ್ಳಿಗಳಿಗೆ ಮುಟ್ಟಬೇಕು. ತಲೆಗಾಲುವೆಯ ಬಲ್ಲಿದರು ಮೊದಮೊದಲು ವಿರೋಧಿಸಿದರು. ರೈತರ ನಡುವೆಯೇ ಕುಳಿತು ಅವರನ್ನು ಒಪ್ಪಿಸಬೇಕಾಯಿತು. ಬ್ಲಾಕ್ ಪದ್ಧತಿಯೆಂದು ಹೆಸರಾದ ಈ ಏರ್ಪಾಡು ಅವರ ಸಾಧನೆಗಳಲ್ಲಿ ಕಣ್ಣಿಗೆ ಕಾಣುವಂಥದಲ್ಲ. ಅದಕ್ಕೆ ಕಲ್ಲುಗಾರೆಯಿಲ್ಲ, ಉದ್ಘಾಟನೆಯ ಶಿಲಾಫಲಕವಿಲ್ಲ. ಆದರೂ ಅವರು ಕಟ್ಟಿದ ಯಾವ ಕಟ್ಟೆಗೂ ಇದು ಕಡಿಮೆಯಾದುದಲ್ಲ. ಊರಿನ ನೀರುಗಂಟಿ ತೂಬನ್ನೆತ್ತಿ, ಸರದಿ ತಪ್ಪದಂತೆ ಗದ್ದೆಗದ್ದೆಗೆ ನೀರು ಬಿಡುವ ಹಳೆಯ ನ್ಯಾಯವೇ ಇಲ್ಲಿ ದೊಡ್ಡ ಕಾಲುವೆಯ ಅಳತೆಗೆ ಬೆಳೆದು ನಿಂತಿದೆ.

ಖಡಕವಾಸ್ಲಾ ಕಟ್ಟೆಯ ಕೋಡಿಯ ಮೇಲೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಕಥೆ ಶಾಲಾಬಾಲಕರಿಗೂ ತಿಳಿದದ್ದೇ. ಕಟ್ಟೆಯನ್ನು ಎತ್ತರಿಸದೆಯೇ ಎಂಟು ಅಡಿ ನೀರನ್ನು ಹೆಚ್ಚಾಗಿ ತಡೆದು, ಪ್ರವಾಹ ಮಿತಿಮೀರಿದರೆ ತಾವಾಗಿ ತೆರೆದು, ಇಳಿದರೆ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳು ಅವು. ಅದಕ್ಕೆ ಹಕ್ಕುಪತ್ರ ದೊರೆತರೂ ಸರ್ಕಾರದ ಸೇವೆಯಲ್ಲಿದ್ದು ಮಾಡಿದುದೆಂದು ಗೌರವಧನವನ್ನು ಒಲ್ಲೆನೆಂದರು.

1908ರಲ್ಲಿ ಮುಂಬಯಿಯ ಸೇವೆಯನ್ನು ಬಿಟ್ಟು ವಿದೇಶ ಪ್ರವಾಸ ಕೈಗೊಂಡರು. ಆ ವರ್ಷದ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡುಹೋಯಿತು. ನಿಜಾಮರ ಸರ್ಕಾರ ಅವರನ್ನು ಕರೆಯಿತು. ನದಿಯ ಜಲಾನಯನದಲ್ಲಿ 788 ಕೆರೆಗಳಿದ್ದುವೆಂದೂ ಅವುಗಳಲ್ಲಿ 221 ಒಡೆದುಹೋದುವೆಂದೂ ಅವರ ತನಿಖೆ ಎಣಿಸಿ ಹೇಳಿತು. ಮೇಲಿನ ಕೆರೆ ಒಡೆದರೆ ಕೆಳಗಿನದು ತಡೆಯದು. ಕೆರೆಸಾಲಿನ ಬಲವೂ ಅದೇ, ದೌರ್ಬಲ್ಯವೂ ಅದೇ. ಪ್ರವಾಹವನ್ನು ಮೇಲುಭಾಗದಲ್ಲಿಯೇ ತಡೆಯುವ ಜಲಾಶಯಗಳಾಗಬೇಕೆಂಬ ಅವರ ಸಲಹೆಯಿಂದ ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದುವು. ಬರಕ್ಕೂ ನೆರೆಗೂ ಔಷಧ ಒಂದೇ, ಬಿದ್ದ ನೀರನ್ನು ಬಿದ್ದೆಡೆಯಲ್ಲಿ ನಿಲ್ಲಿಸುವುದು. ಕೆರೆಯ ನಾಡಿನಲ್ಲಿ ಹುಟ್ಟಿದವರಿಗೆ ಇದು ಹೊಸ ಮಾತಲ್ಲ.

1909ರ ನವೆಂಬರಿನಲ್ಲಿ ಅವರು ಮೈಸೂರಿನ ಪ್ರಧಾನ ಎಂಜಿನಿಯರಾದರು. ಕನ್ನಂಬಾಡಿಯ ಕಥೆ ಇಲ್ಲಿಂದ ತೊಡಗುತ್ತದೆ. ಆ ಕಟ್ಟೆ ಮಂಡ್ಯದ ಸೀಮೆಯನ್ನು ಹಸಿರಾಗಿಸಿದುದನ್ನು ಎಲ್ಲರೂ ಬಲ್ಲರು. ಅದರ ಹುಟ್ಟಿನಲ್ಲಿ ಕೋಲಾರಕ್ಕಿದ್ದ ಪಾತ್ರವನ್ನು ಬಲ್ಲವರು ಕಡಿಮೆ. ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ತೊಂಬತ್ತೆರಡು ಮೈಲಿ ದೂರ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತ್ತು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಗಣಿಗಳಿಗೋ ಇನ್ನೂ ಹೆಚ್ಚಿನ ಶಕ್ತಿ ಬೇಕಾಗಿತ್ತು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲಿ ಬಿಡುವ ಜಲಾಶಯವಾದರೆ ಗಣಿಗಳಿಗೆ ವರ್ಷವಿಡೀ ವಿದ್ಯುತ್ತು, ಸರ್ಕಾರಕ್ಕೆ ನಿಶ್ಚಿತವಾದ ವರಮಾನ. ಕೋಟಿಗಟ್ಟಲೆ ವೆಚ್ಚಕ್ಕೆ ಅಂಜುತ್ತಿದ್ದ ಸರ್ಕಾರಕ್ಕೆ ವಿಶ್ವೇಶ್ವರಯ್ಯನವರು ಈ ವರಮಾನವನ್ನು ತೋರಿಸಿ ಧೈರ್ಯ ಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರವರ ಒಪ್ಪಿಗೆ ದೊರೆತು 1911ರ ಕೊನೆಯಲ್ಲಿ ಕೆಲಸ ಆರಂಭವಾಯಿತು. ಮದರಾಸು ಸರ್ಕಾರ ಎಂಬತ್ತು ಅಡಿಗೆ ಮಾತ್ರ ಸಮ್ಮತಿಸಿದಾಗ ಅವರು ಮುಂದೆ ನೂರಿಪ್ಪತ್ತನಾಲ್ಕು ಅಡಿಯ ಕಟ್ಟೆಯನ್ನು ಹೊರಬಲ್ಲ ತಳಪಾಯವನ್ನೇ ಹಾಕಿಸಿದರು. ಗಣಿಗಳಿಗೆ ಮಾತುಕೊಟ್ಟಿದ್ದಂತೆ 1915ರ ಮುಂಗಾರಿನ ವೇಳೆಗೆ ಮೊದಲ ಹಂತ ಸಿದ್ಧವಾಗಬೇಕೆಂದು ಹಗಲಿರುಳು ಕೆಲಸ ನಡೆಯಿತು. ಕಟ್ಟೆ ಪೂರ್ಣವಾಗಿ ಮುಗಿದುದು ಅವರು ಅಧಿಕಾರ ಬಿಟ್ಟು ಹಲವು ವರ್ಷಗಳಾದ ಮೇಲೆ, 1930ರ ದಶಕದ ಆದಿಯಲ್ಲಿ.

ಕೊಡಗಿನ ಮಳೆ ಹೀಗೆ ಕೋಲಾರಕ್ಕೆ ಬಂದುದು ವಿದ್ಯುತ್ತಾಗಿ, ನೀರಾಗಿ ಅಲ್ಲ. ಗಣಿಯ ಆಳದಲ್ಲಿ ದೀಪ ಉರಿಯುತ್ತಿದ್ದಾಗ ಮೇಲಿನ ಹಳ್ಳಿಗಳು ಚಿತ್ತೆ ಮಳೆಗಾಗಿ ಮುಗಿಲು ನೋಡುತ್ತಿದ್ದುವು. ಕನ್ನಂಬಾಡಿಯ ಹುಟ್ಟಿಗೆ ನೆರವಾದ ಜಿಲ್ಲೆಗೆ ಅದರ ಒಂದು ಬೊಗಸೆ ನೀರೂ ಸಲ್ಲಲಿಲ್ಲವೆಂದು ಈ ಸೀಮೆಯಲ್ಲಿ ಕೊರಗುವವರುಂಟು. ಈ ಕೊರಗನ್ನು ವಿಶ್ವೇಶ್ವರಯ್ಯನವರ ಮೇಲೆ ಹೊರಿಸುವುದು ನ್ಯಾಯವಲ್ಲ. ಕೋಲಾರದ ನೆಲ ಕನ್ನಂಬಾಡಿಯ ತುಂಬಿದ ನೀರಿನ ಮಟ್ಟಕ್ಕಿಂತ ಇನ್ನೂರು ಅಡಿಗೂ ಹೆಚ್ಚು ಎತ್ತರದಲ್ಲಿದೆ. ಕಾಲುವೆ ಬೆಟ್ಟ ಹತ್ತದು. ಇತ್ತ ಪಾಲಾರ್, ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಘ್ನಿಗಳ ಮೇಲೆ ಹೊಸ ಕಟ್ಟೆ ಕಟ್ಟಬೇಕಾದರೆ 1892ರ ಒಪ್ಪಂದದಂತೆ ಮದರಾಸಿನ ಸಮ್ಮತಿ ಬೇಕಿತ್ತು. ಅವರು ಮೈಸೂರಿಗೆ ಬರುವುದಕ್ಕೆ ಹದಿನೇಳು ವರ್ಷ ಮೊದಲೇ ಆ ಬಾಗಿಲಿಗೆ ಅಗುಳಿ ಬಿದ್ದಿತ್ತು. ಅದು ತೆರೆದಿದ್ದರೂ ವರ್ಷದಲ್ಲಿ ಕೆಲವೇ ದಿನ ಹರಿಯುವ ಹೊಳೆಗಳಲ್ಲಿ ಮಹಾಜಲಾಶಯ ತುಂಬುವುದೆಲ್ಲಿಂದ? ಆ ಹೊಳೆಗಳ ನೀರನ್ನು ಪೂರ್ವಿಕರು ಕೆರೆಕೆರೆಗೆ ಹಂಚಿ ಮುಗಿಸಿದ್ದರು. ಪಾಲಾರಿನ ಬೇತಮಂಗಲದ ಕೆರೆ ಒಡೆದುದನ್ನು ಸಾವಿರ ವರ್ಷಗಳ ಹಿಂದೆಯೇ ನೊಳಂಬರ ಅರಸನೊಬ್ಬ ಮತ್ತೆ ಕಟ್ಟಿಸಿದನೆಂದು ಶಾಸನ ಸಾರುತ್ತದೆ.

ಆದ್ದರಿಂದ ಕೋಲಾರಕ್ಕೆ ಉಳಿದ ದಾರಿ ಒಂದೇ: ಇರುವ ಕೆರೆಗಳನ್ನು ಕಾಪಾಡುವುದು. ವಿಶ್ವೇಶ್ವರಯ್ಯನವರು ಪ್ರಧಾನ ಎಂಜಿನಿಯರಾಗಿದ್ದ 1911ರಲ್ಲಿಯೇ ಮೈಸೂರಿನಲ್ಲಿ ಕೆರೆ ಪಂಚಾಯತಿಗಳ ಶಾಸನ ಜಾರಿಗೆ ಬಂದಿತು. ಕೆರೆಯ ನಿರ್ವಹಣೆಯಲ್ಲಿ ಊರವರನ್ನೇ ಹೊಣೆಗಾರರನ್ನಾಗಿ ಮಾಡುವುದು ಅದರ ಆಶಯ. 1912ರ ನವೆಂಬರಿನಲ್ಲಿ ಅವರು ದಿವಾನರಾದ ಮೇಲೆ ಕೈಗೊಂಡ ಗ್ರಾಮೋದ್ಧಾರದ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಊರಿನ ಕೆಲಸಕ್ಕೆ ಮೈಮುರಿದು ದುಡಿಯಬೇಕೆಂಬ ಏರ್ಪಾಡಿತ್ತು. ಹೂಳೆತ್ತುವ ಗುದ್ದಲಿಗೆ ದಿವಾನರ ಆಜ್ಞೆಗಿಂತ ಊರಿನ ಒಗ್ಗಟ್ಟು ಮುಖ್ಯ. ಅದು ಇದ್ದಲ್ಲಿ ಯೋಜನೆ ನಡೆಯಿತು, ಇಲ್ಲದಲ್ಲಿ ಕಡತದಲ್ಲಿ ಉಳಿಯಿತು. ಅವರ ದಿವಾನಗಿರಿಯ ವರ್ಷಗಳಲ್ಲಿ ಕೋಲಾರಕ್ಕೆ ಬೌರಿಂಗ್‌ಪೇಟೆಯಿಂದ, ಎಂದರೆ ಈಗಿನ ಬಂಗಾರಪೇಟೆಯಿಂದ, ಕಿರಿದಾದ ರೈಲುದಾರಿ ಬಂದಿತು. ಬರಗಾಲದಲ್ಲಿ ಧಾನ್ಯ ತರುವ ದಾರಿಯಿದ್ದರೆ ಸಾವು ಕಡಿಮೆಯೆಂಬುದು 1877 ಕಲಿಸಿದ ಪಾಠ.

ಮೈಸೂರು ವಿಶ್ವವಿದ್ಯಾನಿಲಯ, ಮೈಸೂರು ಬ್ಯಾಂಕು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮೊದಲಾದುವುಗಳನ್ನು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ; ಅವು ಪಠ್ಯಪುಸ್ತಕಗಳಲ್ಲಿ ಧಾರಾಳವಾಗಿ ಇವೆ. 1918ರ ಡಿಸೆಂಬರಿನಲ್ಲಿ ದಿವಾನಗಿರಿಯಿಂದ ನಿವೃತ್ತರಾದ ಮೇಲೂ ನಾಲ್ಕು ದಶಕಗಳ ಕಾಲ ಅವರು ದುಡಿದರು. ಬೆಂಗಳೂರಿನ ಬಾಯಾರಿಕೆಯನ್ನು ಕುರಿತು ಅವರ ಅಧ್ಯಕ್ಷತೆಯ ಸಮಿತಿ ಕೊಟ್ಟ ಸಲಹೆಯಂತೆ ಅರ್ಕಾವತಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಕಟ್ಟೆಯೆದ್ದು 1933ರಲ್ಲಿ ನೀರು ನಗರವನ್ನು ಮುಟ್ಟಿತು. ನಂದಿಯ ಮಗಳೊಬ್ಬಳು ಹೀಗೆ ಬೆಂಗಳೂರಿನ ಮನೆವಾರ್ತೆಗೆ ನಿಂತಳು. 1955ರಲ್ಲಿ ಭಾರತರತ್ನ, 1962ರ ಏಪ್ರಿಲಿನಲ್ಲಿ ನೂರು ದಾಟಿದ ವಯಸ್ಸಿನಲ್ಲಿ ದೇಹಾವಸಾನ. ಮುದ್ದೇನಹಳ್ಳಿಯಲ್ಲಿಯೇ ಅವರ ಸಮಾಧಿಯಿದೆ.

ಅವರ ಅನಂತರದ ಆರು ದಶಕಗಳಲ್ಲಿ ಅವರ ಸೀಮೆಯ ಜಲವೃತ್ತಾಂತ ಸಂತೋಷದ್ದಲ್ಲ. ರಾಜಕಾಲುವೆಗಳು ಒತ್ತುವರಿಯಾದುವು; ಕೆರೆಗಳಲ್ಲಿ ಹೂಳು, ಜಾಲಿ. ಮಾಲೂರು, ಕೋಲಾರದ ಹೊಲಗಳಲ್ಲಿ ನೀಲಗಿರಿಯ ತೋಪುಗಳೆದ್ದುವು. 2017ರಲ್ಲಿ ಸರ್ಕಾರವೇ ಅದನ್ನು ನೆಡುವುದನ್ನು ನಿಷೇಧಿಸಬೇಕಾಯಿತು. ಕಪಿಲೆಯ ಬಾವಿಗಳು ಬತ್ತಿ, ಕೊಳವೆ ಬಾವಿಗಳು ಸಾವಿರ ಅಡಿಯನ್ನು ಮೀರಿ ಇಳಿದುವು. ಆಳದ ನೀರಿನೊಡನೆ ಫ್ಲೋರೈಡೂ ಮೇಲೆ ಬಂದಿತು. ಮಳೆ ಮಾತ್ರ ತನ್ನ ಹಳೆಯ ಸ್ವಭಾವವನ್ನು ಬಿಡಲಿಲ್ಲ. 2021ರ ನವೆಂಬರಿನಲ್ಲಿ ಕೊಲ್ಲಿಯ ಮೋಡಗಳು ಸುರಿದ ಮಳೆಗೆ ವರ್ಷಾನುಗಟ್ಟಲೆ ಬತ್ತಿದ್ದ ಕೆರೆಗಳು ಕೋಡಿ ಹರಿದುವು, ಪಾಲಾರ್ ಮೈದುಂಬಿದಳು. ಎರಡೇ ವರ್ಷಕ್ಕೆ, 2023ರಲ್ಲಿ, ಶಾಂತಸಾಗರ ಮತ್ತೆ ಕಾದಾಗ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಮಳೆ ಬರುವ ದಿನಗಳು ಕಡಿಮೆಯಾಗಿ ಬಂದಾಗ ಒಮ್ಮೆಲೇ ಸುರಿಯುವ ಪ್ರವೃತ್ತಿ, ಭೂಮಂಡಲದ ತಾಪವೇರಿದಂತೆ, ಹೆಚ್ಚುವುದೆಂಬುದು ಹವಾಮಾನಜ್ಞರ ಎಣಿಕೆ. ಹಾಗಾದರೆ ಕೆರೆಯ ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ.

ಈ ನಡುವೆ 1974ರಲ್ಲಿ ಕಾವೇರಿಯ ನೀರು ಬೆಂಗಳೂರಿಗೆ ಏರಿ ಬಂದಿತ್ತು. ಕನ್ನಂಬಾಡಿಯಿಂದ ಬಿಟ್ಟ ನೀರನ್ನು ಕೆಳಗಡೆ ಹಿಡಿದು, ಯಂತ್ರಗಳಿಂದ ಎತ್ತಿ ತಂದ ನೀರು ಅದು. ನಗರ ಬೆಳೆದಂತೆ ಆ ನೀರೂ ಹೆಚ್ಚಿತು. ಬಳಸಿ ಬಿಟ್ಟ ನೀರು ಕೋರಮಂಗಲ, ಚಲ್ಲಘಟ್ಟಗಳ ಕಣಿವೆಯಲ್ಲಿ ಹರಿಯಿತು. ಅದನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರುಗಳಂತೆ ಪೂರ್ವಕ್ಕೆ ಎತ್ತಿ, ಕೋಲಾರ ಸೀಮೆಯ 126 ಕೆರೆಗಳನ್ನು ತುಂಬಿಸುವ ಯೋಜನೆ ಕೈಗೂಡಿ, 2018ರ ಜೂನಿನಲ್ಲಿ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಿದ್ದಿತು. ಸಂಸ್ಕಾರ ಸಾಲದೆಂಬ ಆಕ್ಷೇಪವೂ ಎದ್ದಿತು. ಅದು ಅಲಕ್ಷಿಸತಕ್ಕ ಮಾತಲ್ಲ, ಕುಡಿಯುವ ಬಾವಿಗಳು ಆ ಕೆರೆಗಳ ಮಗ್ಗುಲಲ್ಲಿಯೇ ಇವೆ. ಕನ್ನಂಬಾಡಿಯ ಕೆಲಸ ತೊಡಗಿ ನೂರ ಏಳು ವರ್ಷಗಳಾಗುವ ವೇಳೆಗೆ ಕಾವೇರಿ, ಒಂದು ಮಹಾನಗರದ ಮನೆಗಳಲ್ಲಿ ಬಳಕೆಯಾಗಿ, ಈ ಬಗೆಯಲ್ಲಿ ಕೋಲಾರವನ್ನು ಮುಟ್ಟಿದಳು. ಲಕ್ಷ್ಮೀಸಾಗರದವರೆಗೆ ಯಂತ್ರಗಳು ಅದನ್ನು ತಳ್ಳಿ ತಂದುವು. ಅಲ್ಲಿಂದ ಮುಂದೆ ನೀರು ಕೋಡಿ ಬಿದ್ದು, ಹೆಸರು ಅಳಿದುಹೋದ ಒಡ್ಡರು ಅಗೆದ ಹಳೆಯ ಕಾಲುವೆಗಳ ಜಾಡು ಹಿಡಿದು, ಕೆರೆಯಿಂದ ಕೆರೆಗೆ ಇಳಿಯತೊಡಗಿತು.